ಆತು ಅನ್ನುವ ತನಕ

ಆಗಸ್ಟ್ ೧೮, ರವಿವಾರ

ಗಣಪೀ,

ನಮ್ಮೂರು ಹೆಬಳೆಯಲ್ಲಿದ್ದಾಗ ನಾನು ತಮ್ಮ ಶುಕ್ರನಿಗೆ, ಮುಂಬೈಯ ಬಾವನಿಗೆ, ಇಡಗುಂಜಿಯ ಸೋದರತ್ತೆಯ ಮಕ್ಕಳಿಗೆ ಕಾಗದ ಬರೆಯುತ್ತ ಕುಳಿತರೆ ನೀನು ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತ ನಗುತ್ತಿದ್ದೆ. “ನಾಕನೇ ಇಯತ್ತೆ ಕಲ್ತವ್ರಿಗೆ ಎಷ್ಟ್ ಶಾಯಿ ಬೇಕು” ಅನ್ನುತ್ತಿದ್ದೆ. ಈಗ ಯಾರಿಗೂ ಕಾಗದ ಬೇಡ, ಎಲ್ಲರ ಕೈಯಲ್ಲೂ ಫೋನು. ಬರೆದು ರೂಢಿಯಾದ ಕೈ ಸುಮ್ಮನಿರುವುದಿಲ್ಲ. ಅದಕ್ಕೆ ನಿನಗೇ ಬರೆಯುತ್ತಿದ್ದೇನೆ. ನಿನಗೆ ಓದಲು ಬರುತ್ತಿರಲಿಲ್ಲ, ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಈಗಲೂ ಬರೆಯುತ್ತ ಬರೆಯುತ್ತ ತುಟಿ ಅಲ್ಲಾಡುತ್ತದೆ. ಸೊಸೆ ಪವಿತ್ರಾ ನೋಡಿ, “ಮಾವ, ಜಪ ಮಾಡ್ತಿದ್ರ್ಯಾ?” ಅಂದಳು. ಹೌದು ಅಂದೆ.

ನೀನು ತೀರಿಹೋಗಿ ದಿನವೆಲ್ಲ ಮುಗಿದ ಮೇಲೆ ನಾಗರಾಜ ನನ್ನನ್ನೂ ನಮ್ಮ ಹತ್ತಿರವೇ ಬೆಳೆದ ಮೊಮ್ಮಗಳು ಅಂಕಿತಾಳನ್ನೂ ಕುಮಟೆಗೆ ಕರೆತಂದ. ಮಗನ ಮನೆಯಲ್ಲಿ ನನಗೆ ಕೊರತೆ ಇಲ್ಲ. ಆದರೆ ಇಲ್ಲಿ ಊಟಕ್ಕೆ ಯಾರೂ ಕರೆಯುವುದಿಲ್ಲ. ನಾಗರಾಜ ಹೆಸ್ಕಾಂ ಕರೆಂಟ್ ಲೈನಿನ ಕೆಲಸಕ್ಕೆ ಹೋದರೆ ಯಾವಾಗ ಬರುತ್ತಾನೋ, ಪವಿತ್ರಾಳಿಗೆ ಆಸ್ಪತ್ರೆಯಲ್ಲಿ ಒಮ್ಮೆ ಬೆಳಗಿನ ಪಾಳಿ, ಒಮ್ಮೆ ಸಂಜೆಯದು. ಅನ್ನ ಹಾಟ್‌ಬಾಕ್ಸಿನಲ್ಲಿ, ಚಾ ಥರ್ಮಾಸಿನಲ್ಲಿ. ಹಸಿದವರು ಹಾಕಿಕೊಂಡು ತಿನ್ನುವುದು. ನನ್ನ ಲೋಟ ಅಡುಗೆಮನೆ ಕಟ್ಟೆಯ ಮೇಲೆ ಒಮ್ಮೆ ಮಗುಚಿ ಬಿದ್ದಿರುತ್ತದೆ, ಒಮ್ಮೆ ನೆಟ್ಟಗೆ ನಿಂತಿರುತ್ತದೆ. ಇಂಥ ಅಸ್ತವ್ಯಸ್ತವನ್ನು ನೀನು ಸಹಿಸುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಜಗಲಿಯ ಕುರ್ಚಿಯಲ್ಲಿ ಕಾಯುತ್ತಲೇ ಕುಳಿತೆ. ನೀನು ಒಳಗಿಂದ “ಆತು” ಅಂದರೆ ಸಾಕಿತ್ತು, ಗದ್ದೆಯ ಆ ತುದಿಯಲ್ಲಿದ್ದರೂ ನನಗೆ ಕೇಳುತ್ತಿತ್ತು. ಊಟ ಆತು, ಚಾ ಆತು ಅಂತ ಪೂರ್ತಿ ಹೇಳಿದವಳೂ ಅಲ್ಲ ನೀನು. ಬರೀ ಆತು. ಇವತ್ತು ಯಾರೂ ಅನ್ನಲಿಲ್ಲ. ನಾನು ಉಣ್ಣಲಿಲ್ಲ.

ಆಗಸ್ಟ್ ೨೪, ಶನಿವಾರ

ಗಣಪೀ,

ಮಳೆ ನಿಂತು ಹೊಳವಾಗಿತ್ತು. ಅಂಕಿತಾ ಆಡುವುದನ್ನು ನೋಡಲು ಕಾಲೇಜಿನ ಮೈದಾನಕ್ಕೆ ಹೋಗಿದ್ದೆ.

ವಾಲಿಬಾಲಿನಲ್ಲಿ ಯಾರು ಲಿಫ್ಟರ್, ಯಾರು ಸ್ಮ್ಯಾಶರ್ ಅಂತ ನಿನಗೆ ಕಡೆಯವರೆಗೂ ಗೊತ್ತಾಗಲಿಲ್ಲ. “ಕೊಡೂದು ಯಾವುದು, ಹೊಡೆಯೂದು ಯಾವುದು” ಅಂತ ಕೇಳುತ್ತಿದ್ದೆ. ಹೆಬಳೆಯಲ್ಲಿ ಚಂದನಾ ಕೊಡುತ್ತಿದ್ದಳು, ನಮ್ಮ ಹುಡುಗಿ ಹೊಡೆಯುತ್ತಿದ್ದಳು. ಇಲ್ಲಿ ಕೊಡುವವಳು ಸ್ಮೃತಿ ಅಂತ, ಇಲ್ಲೇ ಹತ್ತಿರ ಮೂರೂರು ಅನ್ನುವ ಊರಿನ ಕಡೆಯ ಹುಡುಗಿ, ಜಡೆಯನ್ನು ಸುತ್ತಿ ಗಂಟು ಹಾಕಿಕೊಂಡು ಆಡುತ್ತಾಳೆ. ಒಳ್ಳೆಯ ಕೈ. ಚೆಂಡು ಅವಳ ಬೆರಳಿಗೆ ತಾಗಿದ್ದು ಕಾಣುವುದೇ ಇಲ್ಲ, ಆಗಲೇ ನೆಟ್ಟಿನ ಮೇಲೆ ಇರುತ್ತದೆ.

ಆದರೆ ಅಂಕಿತಾ ಅಲ್ಲಿ ಇರುವುದಿಲ್ಲ. ಚೆಂಡು ಬಂದು ಇಳಿಯಲು ಶುರುವಾದ ಮೇಲೆ ಹಾರುತ್ತಾಳೆ. ಹೊಡೆದದ್ದೆಲ್ಲ ನೆಟ್ಟಿಗೆ. ಹೆಬಳೆಯಲ್ಲಿ ಅವಳು ಹೊಡೆದ ಚೆಂಡು ತೋಟದ ಬೇಲಿ ದಾಟಿ ನೆರೆಮನೆಯ ಪರಮೇಶ್ವರಿಯ ಹಟ್ಟಿಗೆ ಬಿದ್ದು, ಆ ಹೆಂಗಸು ಎಮ್ಮೆ ಹೆದರಿತು ಅಂತ ಜಗಳಕ್ಕೆ ಬಂದದ್ದು ನೆನಪುಂಟಲ್ಲ. ಅದೇ ಕೈ ಇದು.

ಆಟ ಕಲಿಸುವ ಶಾಂತಾರಾಮ ಮಾಸ್ತರರು ನನ್ನ ಹತ್ತಿರ ಬಂದು ನಿಂತರು. ಒಳ್ಳೆಯ ಮನುಷ್ಯ, ಬೈಯುವುದಿಲ್ಲ.

“ಅಜ್ಜಾರೇ, ಬಲ ಅದೆ, ಎತ್ತರ ಅದೆ. ಎಂತಕ್ಕೋ ಕಾಯ್ತದೆ ಹುಡುಗಿ. ಎಂತಕ್ಕೆ ಅಂತ ನಂಗೆ ತಿಳೀಲಿಲ್ಲ.”

“ಊರು ಬದಲಾಯ್ತಲ್ಲ ಮಾಸ್ತರೇ” ಅಂದೆ.

“ನೆಟ್ಟು ಎಲ್ಲಾ ಊರಲ್ಲೂ ಅಷ್ಟೇ ಎತ್ತರ” ಅಂದರು.

ಆಗಸ್ಟ್ ೨೫, ರವಿವಾರ

ಗಣಪೀ, ಎಂತಕ್ಕೆ ಕಾಯುತ್ತಾಳೆ ಅಂತ ಗೊತ್ತಾಯಿತು. ಮುಖ ತೊಳೆಯುವಾಗ ಹೊಳೆಯಿತು.

ಶೇಂಗಾ ಕಿತ್ತ ಮೇಲೆ ಮನೆಯ ಎದುರಿನ ಗದ್ದೆಯಲ್ಲಿ ಹುಡುಗಿಯರು ನೆಟ್ಟು ಕಟ್ಟುತ್ತಿದ್ದರು. ನೀನು ಜಗಲಿಯಲ್ಲಿ ಮೊಗ್ಗಿನ ಹರಿವಾಣ ಇಟ್ಟುಕೊಂಡು ದಂಡೆ ಕಟ್ಟುತ್ತಿದ್ದೆ. ಒಂದು ದಂಡೆ ಮುಗಿದು ಬಾಳೆಯ ನಾರು ಹರಿಯುವಾಗ “ಆತು” ಅನ್ನುತ್ತಿದ್ದೆ. ಅಂದದ್ದು ನಿನಗೇ ತಿಳಿಯುತ್ತಿರಲಿಲ್ಲ. ಅಂಕಿತಾ ಆಗ ಎಂಟನೇ ಇಯತ್ತೆ, ಹಾರುವುದು ಯಾವಾಗ ಅಂತ ಹೊಂದಿಕೆ ಆಗದೆ ಅಳುತ್ತಿದ್ದಳು. ಒಂದು ಸಂಜೆ ಚಂದನಾ ಚೆಂಡು ಎತ್ತಿದಳು, ಅದೇ ಹೊತ್ತಿಗೆ ನೀನು ಆತು ಅಂದೆ, ಈ ಹುಡುಗಿ ಹಾರಿ ಹೊಡೆದಳು. ಎಮ್ಮೆ ಹೆದರಿದ್ದು ಅವತ್ತೇ. ಮಾರನೇ ದಿನದಿಂದ ಚಂದನಾ ಚೆಂಡು ಕೈಬಿಡುವಾಗ ತಾನೇ ಆತು ಅನ್ನತೊಡಗಿದಳು, ನಿನ್ನ ಹಾಗೇ ಮೂಗಿನಿಂದ. ನೀನು, “ನನ್ನ ಅಣಕ ಮಾಡ್ತದೆ ನೋಡಿ ಇದು” ಅಂತ ಮೊಗ್ಗು ಹೆಕ್ಕಿ ಅವಳ ಮೇಲೆ ಎಸೆದೆ.

ಸ್ಮೃತಿ ಏನೂ ಅನ್ನುವುದಿಲ್ಲ. ಬೆನ್ನ ಹಿಂದೆ ಕೈ ಕಟ್ಟಿ ಬೆರಳು ತೋರಿಸುತ್ತಾಳೆ. ಒಂದು ಬೆರಳಾದರೆ ತಗ್ಗಿನ ಚೆಂಡು, ಎರಡಾದರೆ ಎತ್ತರದ್ದು. ಉಳಿದವರೆಲ್ಲ ಅದನ್ನು ನೋಡುತ್ತಾರೆ. ನಮ್ಮವಳು ಕಿವಿ ಕೊಟ್ಟು ನಿಂತಿರುತ್ತಾಳೆ.

ಸೆಪ್ಟೆಂಬರ್ ೮, ರವಿವಾರ

ಗಣಪೀ,

ಸೂತಕದ ವರ್ಷ, ನಮಗೆ ಚೌತಿ ಇಲ್ಲ. ಪಕ್ಕದ ಮನೆಯವರು ಚಕ್ಕುಲಿ ಕೊಟ್ಟುಹೋದರು. ಅಕ್ಕಿ ಹುರಿದದ್ದು ಸ್ವಲ್ಪ ಹೆಚ್ಚಾಗಿತ್ತು. ಹೇಳಲಿಲ್ಲ.

ಅಂಕಿತಾ ಚಕ್ಕುಲಿ ಮುರಿಯುತ್ತ ಪಕ್ಕದಲ್ಲಿ ಕುಳಿತು, “ಅಜ್ಜ, ನನ್ನ ಟೀಮಿಂದ ತೆಗೀತ್ರು ಕಾಣ್ತದೆ” ಅಂದಳು.

“ತೆಗೆದ್ರೆ?”

“ತೆಗೆದ್ರೆ ಹೆಬಳೆಗೆ ಹೋಗುವಾ. ನಾ ಭಟ್ಕಳ ಕಾಲೇಜಿಗೆ ಸೇರ್ತೆ. ನೀನೂ ನಾನೂ ಇರುವಾ. ಅನ್ನ ಮಾಡೂಕೆ ಬತ್ತದೆ ನಂಗೆ.”

“ಸಾರು?”

“ಸಾರು ಪರಮೇಶ್ವರಮ್ಮನ ಮನೆಯಿಂದ.”

“ಆಟ?”

“ಆಟ ಬಿಡ್ತೆ.” ಚಕ್ಕುಲಿಯ ಚೂರನ್ನು ಸಾಲಾಗಿ ಇಡುತ್ತಿದ್ದಳು. ಮುಖ ನೋಡಲಿಲ್ಲ.

ಬೇಡ ಮಗಾ ಅನ್ನಬೇಕಿತ್ತು. ಅನ್ನಲಿಲ್ಲ. ಒಳಗೊಳಗೇ ಎಷ್ಟು ಖುಷಿಯಾಯಿತು ಅಂತ ನಿನಗೆ ಒಬ್ಬಳಿಗೆ ಹೇಳುತ್ತೇನೆ. ಮನೆಯ ಬೀಗದಕೈ ನನ್ನ ಬನಿಯನ್ನಿನ ಕಿಸೆಯಲ್ಲೇ ಇದೆ. ಮಲಗುವಾಗ ಎದೆಗೆ ಒತ್ತುತ್ತದೆ. ಈಗ ಮಲ್ಲಿಗೆಗೆ ಎರಡನೇ ಗೊಬ್ಬರ ಹಾಕುವ ಹೊತ್ತು, ಪರಮೇಶ್ವರಿ ಹಾಕಿದಳೋ ಇಲ್ಲವೋ. ಜಗಲಿಯಲ್ಲಿ ನೀನು ಒರಗಿ ಕೂರುತ್ತಿದ್ದ ಕಂಬದಲ್ಲಿ ಎಣ್ಣೆಯ ಕಲೆ ಇರಬೇಕಲ್ಲ. ಅದನ್ನು ಯಾರೂ ತೊಳೆಯದಿದ್ದರೆ ಸಾಕು.

ಸೆಪ್ಟೆಂಬರ್ ೧೬, ಸೋಮವಾರ

ಗಣಪೀ,

ಆದರೂ ಮನಸ್ಸು ಕೇಳಲಿಲ್ಲ. ಆ ಹುಡುಗಿ ಚೆಂಡು ನೆಟ್ಟಿಗೆ ಹೊಡೆದು ತಲೆ ತಗ್ಗಿಸುವುದನ್ನು ನೋಡಿಕೊಂಡು ಇರಲಾಗಲಿಲ್ಲ. ಆಟ ಮುಗಿದ ಮೇಲೆ ಸ್ಮೃತಿಯನ್ನು ಕರೆದು ಆತು ಅನ್ನುವ ವಿಷಯ ಹೇಳಿದೆ.

ಅವಳು ನಕ್ಕಳು. “ಅಜ್ಜ, ನಾ ಬಾಯ್ಬಿಟ್ರೆ ಎದುರಿನವ್ರಿಗೂ ಕೇಳ್ತದಲ್ಲ. ಅದಕ್ಕೇ ಬೆರಳು.”

“ಒಂದ್ಸಲ ಹೇಳಿ ನೋಡು ಮಗಾ. ಅವಳಿಗೆ ರೂಢಿ ತಪ್ಪಿದೆ.”

“ನಂಗೂ ಅದು ಹೊಡೀಲಿ ಅಂತ್ಲೇ ಆಸೆ. ನಾ ಕೊಟ್ಟದ್ದೆಲ್ಲ ನೆಟ್ಟಿಗೆ ಹೋದ್ರೆ ಬೈಗಳ ನಂಗೂ ಅಲ್ದಾ?” ಅಂದಳು. “ಹೊನ್ನಾವರದ ಮ್ಯಾಚಿಗೆ ಹೇಳ್ತೆ. ಮಾಸ್ತರ್ರಿಗೆ ಹೇಳ್ಬೇಡಿ, ನಮ್ಮೊಳಗೆ ಇರ್ಲಿ.”

ಸೆಪ್ಟೆಂಬರ್ ೨೧, ಶನಿವಾರ

ಹೊನ್ನಾವರದಿಂದ ಈಗ ಬಂದೆ. ಬರುವಾಗ ಬಸ್ಸಿನಲ್ಲಿ ಶರಾವತಿ ಸೇತುವೆಯ ಕಡೆಯ ಗಾಳಿ ಬೀಸುತ್ತಿತ್ತು.

ನಡೆದದ್ದು ಹೀಗೆ. ಮೊದಲ ಸೆಟ್ ನಡುವಿನಲ್ಲಿ ಸ್ಮೃತಿ ಚೆಂಡು ಎತ್ತಿ ಗಟ್ಟಿಯಾಗಿ “ಆತು” ಅಂದಳು. ಅಂಕಿತಾ ಹಾರಿದಳು ಗಣಪೀ, ಹೆಬಳೆಯಲ್ಲಿ ಹಾರಿದ ಹಾಗೇ. ಹೊಡೆದಳು. ಎದುರಿನವರು ಇಬ್ಬರು ಕೈ ಎತ್ತಿ ತಡೆದರು, ಚೆಂಡು ವಾಪಸು ನಮ್ಮ ಕಡೆಗೇ ಬಿತ್ತು. ಎತ್ತಿಕೊಳ್ಳಬೇಕಾದ ನಾಲ್ವರೂ ಬಗ್ಗಲೇ ಇಲ್ಲ. ಒಬ್ಬಳು ಕೂದಲು ಕಟ್ಟಿಕೊಳ್ಳುತ್ತಿದ್ದಳು. ಇನ್ನೊಬ್ಬಳು ಎದುರಿನವರ ಸರ್ವಿಸ್ ಎತ್ತಲು ಅಂತ ಹಿಂದೆ ನಡೆದಿದ್ದಳು.

ಕುಮಟೆಯ ಈ ಟೀಮಿನಲ್ಲಿ ಆತು ಅಂದರೆ ಮುಗಿಯಿತು, ಬಿಡು ಅಂತ. ಪಾಯಿಂಟ್ ಹೋದಾಗ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಅದು. ನನಗೆ ಗೊತ್ತಿರಲಿಲ್ಲ. ಸ್ಮೃತಿಗೆ ಗೊತ್ತಿತ್ತು, ಆದರೆ ಉಳಿದವರಿಗೆ ಹೇಳುವುದು ಅವಳಿಗೆ ಹೊಳೆಯಲಿಲ್ಲ. ಮತ್ತೊಮ್ಮೆ ಹಾಗೇ ಆಯಿತು, ಮಗದೊಮ್ಮೆಯೂ. ಹೊನ್ನಾವರದ ಹುಡುಗಿಯರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಮ್ಮವರು ಚೆಂಡು ಮುಟ್ಟಿದಾಗಲೆಲ್ಲ ಅವರೇ, “ಆತು, ಆತು” ಅನ್ನತೊಡಗಿದರು. ಹಗ್ಗದ ಹೊರಗೆ ನಿಂತಿದ್ದವರು, “ಏ ಕುಮಟೆಯವ್ರೇ, ಆತಾ? ಹಂಗಾರೆ ಮನೆಗೆ ನಡೀರಿ” ಅಂದರು.

ಸೋತ ಮೇಲೆ ಮಾಸ್ತರರು, “ಯಾರ್ ಹೇಳಿಕೊಟ್ಟದ್ದು ಇದು?” ಅಂತ ಕೇಳಿದರು. ಸ್ಮೃತಿ, “ನಾನೇ ಸರ್” ಅಂದಳು. ನಾನು ಹಗ್ಗ ದಾಟಿ ಹೋಗಿ, ಅವಳಲ್ಲ, ನಾನು ಅಂದೆ. ಯಾಕೆ ಅಂತಲೂ ಹೇಳಿದೆ. ನಿನ್ನ ಹೆಸರನ್ನೂ ಹೇಳಿದೆ. ಮಾಸ್ತರರು ಸೀಟಿಯನ್ನು ಕಿಸೆಗೆ ಹಾಕಿಕೊಂಡರು.

“ಅಜ್ಜಾರೇ, ಈಗ ತಿಳೀತು ನಂಗೆ. ಆದ್ರೆ ಆ ದನಿ ತಂದುಕೊಡೂಕೆ ನನ್ನ ಹತ್ರ ಆಗೂದಿಲ್ಲ. ಅದು ಬೆರಳು ನೋಡೂದು ಕಲೀಲಿ. ದಸರಾ ರಜೆ ಮುಗೀವರೆಗೆ ಕಾಯ್ತೆ. ಭಟ್ಕಳದ ಜಿಲ್ಲಾ ಪಂದ್ಯಕ್ಕೆ ಆಗ ಹೆಸ್ರು ಕೊಡ್ಬೇಕು. ಆಗ್ಲಿಲ್ಲ ಅಂದ್ರೆ ಬೇರೆ ಹುಡುಗಿ ನಿಲ್ತದೆ.”

ಅಂಕಿತಾ ನನ್ನ ಹತ್ತಿರ ಬರಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕುಳಿತಳು.

ಸೆಪ್ಟೆಂಬರ್ ೨೨, ರವಿವಾರ

ಗಣಪೀ. ಏನೂ ಇಲ್ಲ.

ಸೆಪ್ಟೆಂಬರ್ ೨೯, ರವಿವಾರ

ಗಣಪೀ,

ಸುಮ್ಮನಿದ್ದರೆ ಸಾಕು. ದಸರಾ ಮುಗಿಯುತ್ತದೆ, ಅವಳನ್ನು ತೆಗೆಯುತ್ತಾರೆ, ನಾವಿಬ್ಬರೂ ರೈಲು ಹತ್ತುತ್ತೇವೆ. ನಾನು ಯಾರಿಗೂ ಕೆಟ್ಟದ್ದು ಮಾಡಿದ ಹಾಗಾಗುವುದಿಲ್ಲ.

ಪರಮೇಶ್ವರಿಗೆ ಫೋನ್ ಮಾಡಿ ಜಗಲಿ, ಅಂಗಳ ಗುಡಿಸಿಡಲು ಹೇಳಿದೆ. “ಬತ್ರಾ ಅಣ್ಣ?” ಅಂತ ಕೇಳಿದಳು. ಬರುವ ಹಾಗೆ ಕಾಣುತ್ತದೆ ಅಂದೆ. ಕಂಬ ಮಾತ್ರ ಒರೆಸಬೇಡ ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಅಕ್ಟೋಬರ್ ೨, ಬುಧವಾರ

ಗಾಂಧಿ ಜಯಂತಿ, ರಜೆ. ಮಳೆಯ ಮೋಡ ಕಂಡು ಬಟ್ಟೆ ತೆಗೆಯಲು ತಾರಸಿಗೆ ಹೋಗಿದ್ದೆ. ಅಂಕಿತಾ ಒಬ್ಬಳೇ ನೀರಿನ ಟ್ಯಾಂಕಿಗೆ ಚೆಂಡು ಹೊಡೆಯುತ್ತಿದ್ದಳು. ಆಟ ಬಿಡುತ್ತೇನೆ ಅಂದವಳು. ನನ್ನನ್ನು ಕಂಡು ಚೆಂಡು ಬಗಲಲ್ಲಿ ಇಟ್ಟುಕೊಂಡಳು, ಕದ್ದ ಸಾಮಾನಿನ ಹಾಗೆ.

“ಇಲ್ಲಿ ಕೊಡು” ಅಂದೆ. ಬಟ್ಟೆ ಒಣಹಾಕುವ ಹಗ್ಗವೇ ನೆಟ್ಟು. ಪ್ರಾಯದಲ್ಲಿ ನಾನೂ ಎತ್ತಿ ಕೊಡುವವನೇ ಆಗಿದ್ದೆ, ಬೆರಳಿಗೆ ನೆನಪಿದೆ. ಬಲಭುಜಕ್ಕೆ ಮಾತ್ರ ಇಲ್ಲ. ಬೆನ್ನ ಹಿಂದೆ ಎರಡು ಬೆರಳು ತೋರಿಸಿದೆ, ಚೆಂಡು ಎತ್ತಿದೆ. ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಂಡು ಚೆಂಡು ಎತ್ತುವುದು ಇಷ್ಟು ಕಷ್ಟ ಅಂತ ತಿಳಿದಿರಲಿಲ್ಲ. ಆ ಮಾತು ಹಲ್ಲಿನ ತನಕ ಬಂದು ನಿಂತಿತ್ತು.

ಅವಳು ಹಾರಲೇ ಇಲ್ಲ. ಚೆಂಡು ಬಿದ್ದು ಪುಟಿದು ಮೂಲೆಗೆ ಹೋಯಿತು.

“ಅಜ್ಜ, ಹೇಳು.”

“ಇಲ್ಲ.”

“ಒಂದ್ಸಲ ಹೇಳಾ. ಇಲ್ಲಿ ಯಾರಿದ್ದಾರೆ?”

“ಬೆರಳು ನೋಡು.”

ಅವಳು ಟ್ಯಾಂಕಿಗೆ ಒರಗಿ ಕುಳಿತಳು. “ನಂಗೆ ಮೊದ್ಲಿಂದ್ಲೂ ಗೊತ್ತದೆ ಎಂತಕ್ಕೆ ತಡ ಆಗ್ತದೆ ಅಂತ. ಬೆರಳು ಕಾಣೂದಿಲ್ಲ ಅಂತಲ್ಲ. ಸ್ವಲ್ಪ ಕಾದ್ರೆ ಅಜ್ಜಿ ಹೇಳ್ತದೆ ಅಂತ ಕಾಣ್ತದೆ ನಂಗೆ. ಹಾರಿಬಿಟ್ರೆ ಹೇಳೂದಿಲ್ಲ.”

ನಾನು ಬಟ್ಟೆ ಮಡಚಿದೆ. ಆಮೇಲೆ ಚೆಂಡು ಹೆಕ್ಕಿ ತಂದು ಮತ್ತೆ ಎತ್ತಿದೆ. ಮತ್ತೆ ಎತ್ತಿದೆ. ಮಳೆ ಬರುವ ತನಕ ಎತ್ತಿದೆ. ಹಾರಿದ್ದು ಕೆಲವೇ ಸಲ.

ಅಕ್ಟೋಬರ್ ೬, ರವಿವಾರ

ಭುಜ ಎತ್ತಲಾಗುವುದಿಲ್ಲ. ಪವಿತ್ರಾ ಎಣ್ಣೆ ಬಿಸಿ ಮಾಡಿ ತಂದು ಗದರಿಕೊಂಡು ತಿಕ್ಕಿದಳು. “ಮೊಮ್ಮಗಳಿಗೆ ಸರಿಯಾದ ಅಜ್ಜ. ನಾಳೆ ನಿಮ್ಮನ್ನ ಆಸ್ಪತ್ರೆಗೆ ಹಾಕಿದ್ರೆ ನನ್ನ ವಾರ್ಡಿಗೇ ಬರೂದು, ಅಲ್ಲಿ ನೋಡ್ತೆ ನಿಮ್ಮನ್ನ.” ಕೈ ಮಾತ್ರ ಹಗುರ.

ತಿಕ್ಕುತ್ತ ಕೇಳಿದಳು, “ಮಾವ, ನಿಮ್ಗೆ ನನ್ನ ಚಾ ಸೇರೂದಿಲ್ವಾ?”

“ಎಂತಕ್ಕೆ?”

“ಮತ್ತೆ ಲೋಟ ನೆಟ್ಟಗೆ ಇಟ್ಟು ಹೋದ್ರೂ ನೀವು ಜಗಲಿ ಬಿಟ್ಟು ಏಳೂದಿಲ್ಲ. ಮಗುಚಿ ಇಟ್ರೆ ಚಾ ಇನ್ನೂ ಆಗ್ಲಿಲ್ಲ ಅಂತ, ನೆಟ್ಟಗಿಟ್ರೆ ಆಗಿದೆ ಅಂತ. ನೀವು ಬಂದ ದಿನದಿಂದ ಹಂಗೇ ಇಡ್ತಾ ಇದ್ದೆ. ಅಂಕಿತಾ ಹೇಳ್ಲಿಲ್ವಾ? ನಮ್ಗೆ ಕೂಗಿ ಕರ್ದು ರೂಢಿ ಇಲ್ಲ ಮಾವ, ದಿನವಿಡೀ ಮಲಗಿದವ್ರ ನಡುವೆ ಕೆಲ್ಸ.”

ಬಂದ ದಿನದಿಂದ ಅಂತೆ.

ಅವಳ ಚಾಕ್ಕೆ ಶುಂಠಿ ಜಾಸ್ತಿ. ಚೆನ್ನಾಗಿರುತ್ತದೆ ಅಂದೆ.

ಅಕ್ಟೋಬರ್ ೧೩, ರವಿವಾರ

ತಾರಸಿಯಲ್ಲಿ ಇವತ್ತು ಒಂದು ಬೆರಳು ತೋರಿಸಿದೆ. ಚೆಂಡು ನನ್ನ ಕೈ ಬಿಡುವ ಮೊದಲೇ ಅವಳು ಗಾಳಿಯಲ್ಲಿದ್ದಳು. ಹೊಡೆದದ್ದು ಹಿಂದಿನ ಮನೆಯ ಪಪ್ಪಾಯಿ ಗಿಡಕ್ಕೆ. ಆ ಮನೆಯವರು ಹೊರಗೆ ಬಂದು, “ಯಾರದು?” ಅಂದರು. ನಾವಿಬ್ಬರೂ ಟ್ಯಾಂಕಿನ ಹಿಂದೆ ಕುಳಿತುಬಿಟ್ಟೆವು. ಅಂಕಿತಾ ನಗು ತಡೆಯಲು ನನ್ನ ಪಂಚೆಯ ತುದಿ ಬಾಯಿಗೆ ತುರುಕಿಕೊಂಡಳು. ಎಮ್ಮೆಯ ಜಗಳದ ದಿನ ಗಣಪಿಯೂ ಹೀಗೇ ಸೆರಗು ತುರುಕಿಕೊಂಡಿದ್ದಳು.

ನಾಗರಾಜನ ಹತ್ತಿರ ಹೇಳಿ ಆ ಮನೆಗೆ ಎರಡು ತೆಂಗಿನಕಾಯಿ ಕಳಿಸಬೇಕು.

ಅಕ್ಟೋಬರ್ ೨೧, ಸೋಮವಾರ

ಮಾಸ್ತರರು ಹೆಸರು ಓದಿದರಂತೆ. ಆಡುವ ಆರು ಜನರಲ್ಲಿ ಅಂಕಿತಾ ಇದ್ದಾಳೆ. ಸ್ಮೃತಿಯೇ ಮನೆಗೆ ಓಡಿಬಂದು ಹೇಳಿದಳು, ಹಾಟ್‌ಬಾಕ್ಸಿನ ಚಪಾತಿ ಅರ್ಧ ಖಾಲಿ ಮಾಡಿ ಹೋದಳು. ಆಡಿ ತೋರಿಸದಿದ್ದರೆ ನಡುವೆಯೇ ಹೊರಗೆ ಕೂರಿಸುತ್ತೇನೆ ಅಂತ ಮಾಸ್ತರರು ಹೇಳಿದ್ದಾರೆ.

ಪರಮೇಶ್ವರಿಗೆ ಫೋನ್ ಮಾಡಬೇಕು. ಅಂಗಳ ಗುಡಿಸಿ ಕಾಯುತ್ತಿರಬಹುದು.

ಅಕ್ಟೋಬರ್ ೨೬, ಶನಿವಾರ

ಭಟ್ಕಳಕ್ಕೆ ಹೋಗಿಬಂದೆವು. ಮೈ ಭಾರ, ಆದರೂ ಬರೆದೇ ಮಲಗುತ್ತೇನೆ.

ಹಗ್ಗದ ಹತ್ತಿರ ಪರಮೇಶ್ವರಿ ಬುಟ್ಟಿಯಲ್ಲಿ ನಮ್ಮ ಗಿಡದ ಮಲ್ಲಿಗೆ ತಂದು ನಿಂತಿದ್ದಳು. ಚಂದನಾಳೂ ಬಂದಿದ್ದಳು, ಬಟ್ಟೆ ಅಂಗಡಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ. ಎದುರಿಗೆ ಶಿರಸಿಯ ಟೀಮು. ಒಂದು ಸೆಟ್ ಅವರಿಗೆ, ಒಂದು ನಮಗೆ. ಮೂರನೆಯದರಲ್ಲಿ ಅಂಕಿತಾ ಮೊದಲ ಎರಡು ಚೆಂಡಿಗೆ ತಡವಾಗಿ ಹಾರಿದಳು. ಊರಿನ ಮಣ್ಣು, ಊರಿನ ಗಾಳಿ, ಹೂವಿನ ವಾಸನೆ ಬೇರೆ. ಮತ್ತೆ ಕಿವಿ ಕೊಟ್ಟು ನಿಂತದ್ದು ನನಗೆ ದೂರದಿಂದಲೇ ತಿಳಿಯಿತು. ಮಾಸ್ತರರು ಹೊರಗೆ ಕುಳಿತಿದ್ದ ಹುಡುಗಿಗೆ ಏಳು ಅಂತ ಸನ್ನೆ ಮಾಡಿದರು. ಅವಳು ಮೊಣಕಾಲಿಗೆ ಪಟ್ಟಿ ಹಾಕಿಕೊಳ್ಳತೊಡಗಿದಳು.

ಚಂದನಾ ನನ್ನ ತೋಳು ಹಿಡಿದಳು. “ಅಜ್ಜ, ನಾ ಹೇಳ್ಲಾ ಇಲ್ಲಿಂದ? ಅಜ್ಜಿ ದನಿಯಂಗೇ ಹೇಳ್ತೆ. ಅದ್ಕೆ ಕೇಳ್ತದೆ.”

ಅವಳು ಹೇಳಿದ್ದರೆ ನಾನೂ ಒಮ್ಮೆ ಕೇಳುತ್ತಿದ್ದೆ. ಮೂಗಿನಿಂದ ಬರುವ ಆ ದನಿ ನಾನು ಕೇಳದೆ ಎಷ್ಟು ಕಾಲವಾಯಿತು. ಅವಳ ಬಾಯಿ ತೆರೆದಿತ್ತು.

“ಬೇಡ ಮಗಾ” ಅಂದೆ.

ಸ್ಮೃತಿಯ ಬೆನ್ನ ಹಿಂದೆ ಒಂದು ಬೆರಳು. ನಾನು ಅದನ್ನೇ ನೋಡುತ್ತಿದ್ದೆ, ಆದ್ದರಿಂದ ಅಂಕಿತಾ ಯಾವಾಗ ಹಾರಿದಳು ಅಂತ ನನಗೆ ಕಾಣಲಿಲ್ಲ. ಚೆಂಡು ಆ ಕಡೆಯ ನೆಲಕ್ಕೆ ಬಿದ್ದ ಸದ್ದು ಮಾತ್ರ ಕೇಳಿತು. ಆಮೇಲೆ ಆ ಸದ್ದು ಮತ್ತೆ ಮತ್ತೆ ಕೇಳಿತು. ಮಾಸ್ತರರು ಎದ್ದವಳನ್ನು ಕೂರಿಸಿದರು. ಆ ಆಟ ನಾವು ಗೆದ್ದೆವು. ಮುಂದಿನದರಲ್ಲಿ ಕಾರವಾರದವರು ನಮ್ಮನ್ನು ಚೆನ್ನಾಗಿ ಸೋಲಿಸಿದರು, ಅದು ಬೇರೆ ವಿಷಯ. ಅಂಕಿತಾ ಬಂದು ನನ್ನ ಹೆಗಲಿಗೆ ಹಣೆ ಇಟ್ಟು ನಿಂತಳು. ನೋಯುವ ಭುಜವೇ ಅದು. 

ರೈಲಿಗೆ ಹೊತ್ತಿತ್ತು, ಪರಮೇಶ್ವರಿಯ ಜೊತೆ ಹೆಬಳೆಗೆ ರಿಕ್ಷಾದಲ್ಲಿ ಹೋಗಿಬಂದೆ. ಜಗಲಿ, ಅಂಗಳ ಗುಡಿಸಿತ್ತು. ಗಿಡ ತುಂಬ ಮೊಗ್ಗು. ಜಗಲಿಯ ಕಂಬದಲ್ಲಿ ಕಲೆ ಹಾಗೇ ಇತ್ತು. ಅದರ ಮೇಲೆ ಕೈ ಇಟ್ಟೆ. ಗದ್ದೆಯಲ್ಲಿ ನೆಟ್ಟು ಇಲ್ಲ, ಗೂಟ ಇದ್ದ ಎರಡು ಕುಳಿ ಇವೆ, ನೀರು ನಿಂತಿದೆ. ಸ್ವಲ್ಪ ಹೊತ್ತು ನಿಂತುಕೊಂಡೆ. ಒಳಗಿಂದ ಏನೂ ಕೇಳಲಿಲ್ಲ. ಕೇಳಬಹುದೇನೋ ಅಂತ ಕಾದದ್ದಲ್ಲ. ಕಾದೆ, ಅಷ್ಟೆ.

ಹೊರಡುವಾಗ ಬೀಗದಕೈ ಪರಮೇಶ್ವರಿಯ ಕೈಗೆ ಕೊಟ್ಟೆ. ಪಂಪಿನ ಸ್ವಿಚ್ಚು ಒಳಕೋಣೆಯಲ್ಲಿದೆ, ಬೇಸಿಗೆಯಲ್ಲಿ ಗಿಡಕ್ಕೆ ನೀರು ಬಿಡಲು ಬೇಕಾಗುತ್ತದೆ. “ಹೂ ನೀನೇ ಕೊಯ್ದು ಮಾರಿಕೋ” ಅಂದೆ.

“ಹಂಗಾರೆ ಬರೂದಿಲ್ವಾ ಅಣ್ಣ?”

“ಬತ್ತೆ. ಹುಡುಗಿಗೆ ರಜೆ ಸಿಕ್ಕಾಗ” ಅಂದೆ.

ಅಕ್ಟೋಬರ್ ೨೭, ರವಿವಾರ

ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಯಿತು. ತಾರಸಿಯಲ್ಲಿ ಚೆಂಡು ಎತ್ತುವಾಗಲೆಲ್ಲ ನಾನು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲಿ ಆತು ಅಂದುಕೊಳ್ಳುತ್ತಿದ್ದೆ. ಹಗ್ಗದ ಹೊರಗೆ ನಿಂತು ನೋಡುವಾಗಲೂ ಅಷ್ಟೆ. ನಿನ್ನೆ ಆ ಒಂದು ಚೆಂಡಿಗೆ ಅನ್ನಲಿಲ್ಲ. ಮರೆತೇಹೋಯಿತು. ಅನ್ನದೆಯೇ ಅವಳು ಹೊಡೆದಳು.

ಗಣಪಿ ಏನಂದುಕೊಂಡಳೋ.

ಪರಮೇಶ್ವರಿ ಕೊಟ್ಟ ಹೂವನ್ನು ಮುಡಿದು ಪವಿತ್ರಾ ಕೆಲಸಕ್ಕೆ ಹೋದಳು. ಅಂಕಿತಾ ಇನ್ನೂ ಎದ್ದಿಲ್ಲ. ಇಲ್ಲಿಂದಲೇ ಅಡುಗೆಮನೆಯ ಕಟ್ಟೆ ಕಾಣುತ್ತದೆ. ಲೋಟ ನೆಟ್ಟಗಿದೆ.

ಹೋಗುತ್ತೇನೆ.